ನಿಮಗಿದು ಗೊತ್ತೆ? ಪ್ರಹ್ಲಾದನ ಮೇಲೆ ಗದೆ ಎತ್ತಿದ್ದು ಸ್ವಂತ ಅಪ್ಪ!

ತೆರೆಯ ಮೇಲೆ ಮಗನನ್ನೇ ಕೊಲ್ಲಿಸಲು ಹೊರಟ ಹಿರಣ್ಯಕಶಿಪು, ಮನೆಯಲ್ಲಿ ಅದೇ ಹುಡುಗನ ಅಪ್ಪಾಜಿ! 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಗರ್ಜಿಸಿದವರು ಡಾ. ರಾಜ್‌ಕುಮಾರ್. ತಂದೆಯ ಅಕ್ಕರೆಗೆ ಎರವಾದ ಪ್ರಹ್ಲಾದ ಮಾಸ್ಟರ್ ಲೋಹಿತ್, ಅಂದರೆ ನಮ್ಮ ಪುನೀತ್. ಹುಟ್ಟಿದ್ದು 1975ರಲ್ಲಿ, ಲೆಕ್ಕ ಹಾಕಿಕೊಳ್ಳಿ.

ಹಿರಣ್ಯಕಶಿಪುವಿನ ಪಾತ್ರ ಈ ಮನೆತನಕ್ಕೆ ಹೊಸದೇನಲ್ಲ. ರಾಜ್ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕಗಳಲ್ಲಿ ಹಿರಣ್ಯಕಶಿಪು, ಕಂಸ, ರಾವಣರಾಗಿ ಹೆಸರಾದವರು. ತಾತನ ಗದೆ ಅಪ್ಪನ ಕೈಗೆ ಬಂತು, ಮೊಮ್ಮಗ ಅದರೆದುರು ಕೈಮುಗಿದು ನಿಂತ!

ಹಾಲಿವುಡ್ಡಿನ ‘ಈಸ್ಟ್ ಆಫ್ ಈಡನ್’ (1955) ಚಿತ್ರದಲ್ಲಿ ತೆರೆಯಾಚೆಯ ಕಥೆ ಉಲ್ಟಾ. ಅಪ್ಪನ ಪ್ರೀತಿಗೆ ಹಂಬಲಿಸುವ ಮಗ ಜೇಮ್ಸ್ ಡೀನ್, ಅಪ್ಪ ರೇಮಂಡ್ ಮ್ಯಾಸ್ಸಿ. ಸೆಟ್ಟಿನಲ್ಲೂ ಇಬ್ಬರಿಗೂ ಅಷ್ಟಕ್ಕಷ್ಟೇ. ನಿರ್ದೇಶಕ ಎಲಿಯಾ ಕಜಾನ್‌ಗೆ ಬೇಕಿದ್ದುದೂ ಅದೇ!