ಎರಡು ನೆಟ್‌ವರ್ಕ್‌ಗಳಿಗೆ ಒಂದೇ ಪ್ರಿಂಟರ್

ಒಂದೇ ಕಟ್ಟಡದ ಎರಡು ಮಹಡಿಗಳಿಗೆ ಬೇರೆ ಬೇರೆ ಬ್ರಾಡ್‌ಬ್ಯಾಂಡ್ ಸಂಪರ್ಕವೂ ರೌಟರೂ ಇದ್ದರೆ ಅವು ಎರಡು ಪ್ರತ್ಯೇಕ ಸ್ಥಳೀಯ ನೆಟ್‌ವರ್ಕ್‌ಗಳು. ಕೆಳಮಹಡಿಯ ಪ್ರಿಂಟರ್ ಮೇಲ್ಮಹಡಿಯ ಕಂಪ್ಯೂಟರಿಗೆ ಕಾಣುವುದಿಲ್ಲ. 1973ರಲ್ಲಿ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಈಥರ್ನೆಟ್ ರೂಪುಗೊಂಡದ್ದಕ್ಕೆ ಒಂದು ಮುಖ್ಯ ಕಾರಣ, ಹಲವು ಕಂಪ್ಯೂಟರುಗಳು ಒಂದೇ ಲೇಸರ್ ಪ್ರಿಂಟರನ್ನು ಬಳಸಬೇಕೆಂಬುದು. ಒಂದು ನೆಟ್‌ವರ್ಕಿನೊಳಗೆ ಅದು ಸುಲಭ. ಎರಡನ್ನು ಬೆಸೆಯುವಾಗ ಕಷ್ಟ ಕೊಡುವುದು ಕೇಬಲ್ ಅಲ್ಲ, ವಿಳಾಸ.

ಮನೆ, ಕಚೇರಿಗಳ ಒಳಗೆ ಯಾರು ಬೇಕಾದರೂ ಬಳಸಲೆಂದು ಮೀಸಲಾದ ಐಪಿ ವಿಳಾಸಗಳಿವೆ. 192.168ರಿಂದ ಶುರುವಾಗುವವು ಅಂಥವು. ಬಹಳಷ್ಟು ರೌಟರ್‌ಗಳು 192.168.1.1 ಎಂಬ ವಿಳಾಸ ಹೊತ್ತೇ ಕಾರ್ಖಾನೆಯಿಂದ ಬರುತ್ತವೆ. ಅಂಥ ಎರಡಕ್ಕೆ ನೇರವಾಗಿ ಕೇಬಲ್ ಸಿಕ್ಕಿಸಿದರೆ ಎರಡೂ ವಿಳಾಸ ಹಂಚತೊಡಗಿ, ಇದ್ದ ಇಂಟರ್ನೆಟ್ಟೂ ಕೈಕೊಡುತ್ತದೆ. ಆದ್ದರಿಂದ ಮೊದಲು ಮೇಲ್ಮಹಡಿಗೆ 192.168.10, ಕೆಳಮಹಡಿಗೆ 192.168.20 ಎಂದು ಬೇರೆ ಸರಣಿ ಕೊಡಬೇಕು.

ನಡುವೆ ಮೂರನೆಯ ರೌಟರ್ ಇಟ್ಟು, ಅದರ ಒಂದು ತುದಿಗೆ 192.168.10.2, ಇನ್ನೊಂದಕ್ಕೆ 192.168.20.2 ಎಂಬ ವಿಳಾಸ ಕೊಟ್ಟು, ವಿಳಾಸ ಬದಲಿಸುವ ನ್ಯಾಟ್ ಸೌಲಭ್ಯವನ್ನು ಅದರಲ್ಲಿ ನಿಲ್ಲಿಸಬೇಕು. ಬಳಿಕ ಮೇಲಿನ ರೌಟರಿಗೆ ‘20ರ ಸರಣಿಗೆ ಹೋಗುವುದನ್ನು 192.168.10.2ಕ್ಕೆ ಒಪ್ಪಿಸು’ ಎಂಬ ಸ್ಥಿರ ಮಾರ್ಗ ಬರೆಯಬೇಕು. ಕೆಳಗಿನದಕ್ಕೂ ಇಂಥದೇ ಮಾರ್ಗ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಹೋಗುವ ದಾರಿ ಬರೆದು ಬರುವ ದಾರಿ ಮರೆಯುತ್ತಾರೆ. ಆಗ ಮಾಹಿತಿ ಪ್ರಿಂಟರನ್ನು ತಲುಪುತ್ತದೆ, ಉತ್ತರ ಮಾತ್ರ ವಾಪಸು ಬರುವುದಿಲ್ಲ.

ದಾರಿ ಸರಿಯಾದರೂ ‘ಪ್ರಿಂಟರ್ ಹುಡುಕು’ ಎಂದಾಗ ಪಟ್ಟಿ ಖಾಲಿಯೇ ಇರಬಹುದು. ಪ್ರಿಂಟರ್ ತನ್ನ ಇರವನ್ನು ಸಾರುವ ಸಂದೇಶಗಳನ್ನು ರೌಟರ್ ಸಾಮಾನ್ಯವಾಗಿ ದಾಟಿಸುವುದಿಲ್ಲ. ಪ್ರಿಂಟರಿಗೆ ಬದಲಾಗದ ವಿಳಾಸ ಕಾದಿರಿಸಿ, ಅದನ್ನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಸೇರಿಸಿದರೆ ಕೆಲಸ ಆಗುತ್ತದೆ. ಫೈಲ್ ಹಂಚಿಕೆಗೆ ಇನ್ನೊಂದು ತಡೆಯಿದೆ. ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ತನ್ನದೇ ಸರಣಿಯ ಕಂಪ್ಯೂಟರುಗಳಿಗಷ್ಟೇ ಫೈಲ್ ತೆರೆದಿಡುತ್ತದೆ. ಪಕ್ಕದ ಸರಣಿಯನ್ನು ಅಲ್ಲಿ ಕೈಯಾರೆ ಸೇರಿಸಬೇಕು.

ಕಚೇರಿಗಳು ಬೇರೆ ಊರುಗಳಲ್ಲಿದ್ದರೆ ಕೇಬಲ್ ಬದಲು ಎರಡೂ ರೌಟರ್‌ಗಳ ನಡುವೆ ಗೂಢಲಿಪಿಯ ವಿಪಿಎನ್ ಸಂಪರ್ಕ ಬೇಕಾಗುತ್ತದೆ. ಅದರ ತೊಂದರೆ ಬೇಡವೆಂದು ಫೈಲ್ ಹಂಚಿಕೆಯ 445ನೇ ಪೋರ್ಟನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆಯುವುದು ಅಪಾಯಕಾರಿ; 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಇದೇ ಬಾಗಿಲಿನಿಂದ. ವಿಪಿಎನ್‌ನಲ್ಲೂ ಎರಡು ಶಾಖೆಗಳ ಸರಣಿ ಒಂದೇ ಆಗಿರಬಾರದು. ಹೊಸ ಶಾಖೆಗೆ ರೌಟರ್ ಜೋಡಿಸುವ ದಿನವೇ ಬೇರೆ ಸರಣಿ ಕೊಟ್ಟುಬಿಟ್ಟರೆ, ಮುಂದೆ ಒಂದೊಂದು ಯಂತ್ರದ ವಿಳಾಸವನ್ನೂ ಬದಲಿಸುವ ಶ್ರಮ ತಪ್ಪುತ್ತದೆ.