ತಾಯಿಯ ಮನಸ್ಸು, ಮನೆ ಮತ್ತು ಓಣಿ



ವಾರದ ಸಭೆಯಲ್ಲಿ "ಹೇಗಿದ್ದೀರಮ್ಮಾ?" ಎಂದು ಕೇಳಿದರೆ ನಮಗೆ ಸಿಗುವ ಉತ್ತರ ಹೆಚ್ಚಾಗಿ ಮೈಯದ್ದೇ. "ತಲೆ ಸಿಡೀತದೆ ಸಿಸ್ಟರ್", "ರಾತ್ರಿ ನಿದ್ದೆ ಹತ್ತಲ್ಲ", "ಕೈಕಾಲಲ್ಲಿ ಬಲವೇ ಇಲ್ಲ". ಮನಸ್ಸು ಸರಿಯಿಲ್ಲ ಎಂದು ಹೇಳುವವರು ಕಡಿಮೆ. ಹೇಳಿದರೆ "ನಿನಗೇನು ಕಡಿಮೆಯಾಗಿದೆ?" ಅಂತಾರೆ, ಇಲ್ಲವೇ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಆದರೆ ಎರಡು ವಾರ ಕಳೆದರೂ ದುಃಖ ಇಳಿಯದೆ, ಊಟ ನಿದ್ದೆ ಸೇರದೆ, ಮಗುವನ್ನು ಎತ್ತಿಕೊಳ್ಳುವುದೂ ಬೇಡವೆನಿಸಿದರೆ ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು.

ಇದು ಆ ತಾಯಿಯ ದುರ್ಬಲತೆಯಲ್ಲ. ನಮ್ಮ ನೆರೆಯ ಗೋವಾದಲ್ಲಿ ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಬಾಣಂತಿಯರ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಹೆರಿಗೆಯಾದ ಆರೆಂಟು ವಾರಗಳಲ್ಲಿ 100ಕ್ಕೆ 23 ತಾಯಂದಿರಿಗೆ ಖಿನ್ನತೆ ಇತ್ತು. ಅದಕ್ಕೆ ನಂಟಿದ್ದದ್ದು ಬಡತನ ಮತ್ತು ಗಂಡ ಹೆಂಡಿರ ವಿರಸ. ಹುಟ್ಟಿದ್ದು ಹೆಣ್ಣು ಮಗು ಎಂಬುದೂ ಅದರಲ್ಲಿ ಸೇರಿತ್ತು. ಹೆತ್ತವಳ ಮೈ ಒಂದೇ. ಮಗು ಹೆಣ್ಣಾದರೆ ಮನೆಯವರ ಮುಖ ಬದಲಾಗುತ್ತದೆ, ಆ ಮುಖ ನೋಡಿಯೇ ಅವಳು ಕುಗ್ಗುತ್ತಾಳೆ. ಲಂಡನ್ನಿನಲ್ಲಿ ಬ್ರೌನ್ ಮತ್ತು ಹ್ಯಾರಿಸ್ ಎಂಬುವರು 1978ರಲ್ಲೇ ತೋರಿಸಿದ್ದರು: ಕಷ್ಟ ಬಂದಾಗ ಮನಬಿಚ್ಚಿ ಮಾತಾಡಲು ಹತ್ತಿರದವರಿಲ್ಲದ ಹೆಂಗಸರು ಬೇಗ ಖಿನ್ನತೆಗೆ ಜಾರುತ್ತಾರೆ.

ಓಣಿಯದೂ ಇದರಲ್ಲಿ ಪಾಲಿದೆ. ನಲ್ಲಿ ನೀರಿಗೆ ನಡುರಾತ್ರಿ ಕಾಯಬೇಕಾದರೆ ನಿದ್ದೆ ಎಲ್ಲಿಂದ? 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಂಗಡಿಯ ಬೋರ್ಡು ಬದಲಾಯಿತು ಅಷ್ಟೆ. ಅದೇ ಓಣಿಯಲ್ಲಿ ಅರ್ಧ ಗಂಟೆ ಮಗು ಹಿಡಿದುಕೊಳ್ಳುವ ಒಬ್ಬ ಅಜ್ಜಿ ಇದ್ದರೆ ತಾಯಿಗೆ ಉಸಿರು ಬರುತ್ತದೆ.

ನಮ್ಮ ಸಂಘಗಳ ಮಾತನ್ನೂ ಹೇಳಲೇಬೇಕು. ಕಂತು ತಪ್ಪಿದ ಸದಸ್ಯೆಯೊಬ್ಬಳನ್ನು ಸಭೆಯಲ್ಲಿ ಎಲ್ಲರೆದುರು ನಿಲ್ಲಿಸಿ ಬೈದಾಗ ನಾವೂ ಅಲ್ಲಿದ್ದೆವು. ವಸೂಲಾತಿ ಚೆನ್ನಾಗಿದೆಯೆಂದು ಸುಮ್ಮನಿದ್ದೆವು. ಮುಂದಿನ ವಾರ ಅವಳು ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ಒಲೆ ಹಚ್ಚಿರಲಿಲ್ಲ, ಮಕ್ಕಳು ಪಕ್ಕದ ಮನೆಯಲ್ಲಿ ಉಣ್ಣುತ್ತಿದ್ದರು, ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಸಂಘ ಒಂದೇ ನನಗಿತ್ತು ಸಿಸ್ಟರ್" ಅಂದಳು. ಅಂದಿನಿಂದ ಕಂತು ತಪ್ಪಿದರೆ ಮೊದಲು ಇಬ್ಬರು ಸದಸ್ಯೆಯರು ಅವರ ಮನೆಗೆ ಹೋಗಿ ಬರಬೇಕೆಂದು ಕೇಳಿಕೊಳ್ಳುತ್ತಿದ್ದೇವೆ. ಹೋದಾಗ ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಕೇಳಿದ್ದನ್ನು ನಲ್ಲಿಯ ಹತ್ತಿರ ಆಡಬೇಡಿ.

ಖಿನ್ನತೆಗೆ ಔಷಧಿ ಇದೆ, ಆಪ್ತ ಸಲಹೆಯೂ ಇದೆ. ಮೊದಲು ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. ಜೊತೆಗೆ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಬಹುದು. ಯಾರಾದರೂ "ಸತ್ತರೆ ಸಾಕು" ಅಂದರೆ ಸುಮ್ಮನೆ ಮಾತಿಗೆ ಅಂದದ್ದು ಎಂದು ಬಿಡಬೇಡಿ, ಒಬ್ಬಳನ್ನೇ ಬಿಟ್ಟು ಬರಬೇಡಿ. ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181. ಮನಸ್ಸಿನ ಸಂಕಟಕ್ಕೆ 2022ರಲ್ಲಿ ಶುರುವಾದ ಟೆಲಿ ಮನಸ್ ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರ್ 14416. ಸಂಘದ ಉಳಿತಾಯ ಪುಸ್ತಕದ ಹಿಂದಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ.