ಚಹಾ ಪುಡಿಯೋ, ಟೀ ಬ್ಯಾಗೋ? ಹೃದಯಕ್ಕೆ ಯಾವುದು ಒಳ್ಳೆಯದು?



ಕುಷಾಯಿಗೂಡದ ನಮ್ಮ ಕನ್ನಡ ಕುಟುಂಬಗಳು ಆಗಾಗ ಕೇಳುವ ಪ್ರಶ್ನೆ ಇದು: "ಡಾಕ್ಟ್ರೇ, ಚಹಾ ಪುಡಿ ಬಿಟ್ಟು ಟೀ ಬ್ಯಾಗ್ ತಂದರೆ ಹೃದಯಕ್ಕೆ ಒಳ್ಳೆಯದಾ?"

ಎರಡೂ ಒಂದೇ ಗಿಡದ ಎಲೆ. ಬ್ಯಾಗಿನಲ್ಲಿ ಸಾಮಾನ್ಯವಾಗಿ ಇರುವುದು ಎಲೆಯ ನುಚ್ಚು ಮತ್ತು ಡಸ್ಟ್. ಕಣ ಸಣ್ಣದಾದಷ್ಟೂ ಬಣ್ಣ, ಒಗರು ಬೇಗ ಬಿಡುತ್ತದೆ. ಇಡೀ ಎಲೆಯ ಚಹಾಕ್ಕೆ ಪರಿಮಳ ಹೆಚ್ಚು. ರುಚಿ ಬೇರೆ, ಹೃದಯದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಗಮನಿಸಬೇಕಾದದ್ದು ಈ ಐದು:

1. ಚೀಲ: ನೈಲಾನ್‌ನಂಥ ಪ್ಲಾಸ್ಟಿಕ್ ಟೀ ಬ್ಯಾಗ್‌ಗಳು ಬಿಸಿನೀರಿಗೆ ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತವೆ ಎಂದು 2019ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಇದರಿಂದ ಎಷ್ಟು ಹಾನಿ ಎಂಬುದು ಇನ್ನೂ ಸಾಬೀತಾಗಿಲ್ಲ. ಆದರೂ ಪುಡಿ ಕುದಿಸಿ ಸ್ಟೀಲ್ ಜಾಲರಿಯಲ್ಲಿ ಸೋಸಿದರೆ ಆ ಚಿಂತೆಯೇ ಇಲ್ಲ.

2. ಕಪ್: ಪೇಪರ್ ಕಪ್ಪಿನ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಅದರಲ್ಲಿ 100 ಮಿ.ಲೀ. ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಕಣ ಸೇರುತ್ತವೆ ಎಂದು ಖರಗ್‌ಪುರ ಐಐಟಿ 2020ರಲ್ಲಿ ಹೇಳಿತು. ಬಿಸಿ ಚಹಾವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಪಾರ್ಸೆಲ್ ತರಲೇಬೇಡಿ, ಫ್ಲಾಸ್ಕ್ ಒಯ್ಯಿರಿ.

3. ಕಲಬೆರಕೆ: ಬಿಡಿ ಪುಡಿ ಕೊಂಡರೆ ಪರೀಕ್ಷಿಸಿ. ಫಿಲ್ಟರ್ ಪೇಪರ್ ಮೇಲೆ ಸ್ವಲ್ಪ ಪುಡಿ ಹರಡಿ, ನೀರು ಚಿಮುಕಿಸಿ. ಪೇಪರನ್ನು ನಲ್ಲಿಯಡಿ ತೊಳೆದು ಬೆಳಕಿಗೆ ಹಿಡಿಯಿರಿ. ಕಲೆ ಉಳಿದರೆ ಬಣ್ಣ ಬೆರೆಸಿದ್ದಾರೆ ಎಂದರ್ಥ.

4. ಕೆಫೀನ್: ನಮ್ಮ ಪಕ್ಕದ ತಾರ್ನಾಕಾದಲ್ಲೇ ಇರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ 150 ಮಿ.ಲೀ. ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 300 ಮಿ.ಗ್ರಾಂ. ಊಟದ ಹಿಂದೆ ಮುಂದೆ ಒಂದು ಗಂಟೆ ಚಹಾ ಬೇಡ, ಕಬ್ಬಿಣಾಂಶ ಹೀರುವುದಕ್ಕೆ ಅಡ್ಡಿಯಾಗುತ್ತದೆ. ಕುಡಿದಾಗ ಎದೆ ಡವಡವ ಎನ್ನುವವರು ಕಡಿಮೆ ಮಾಡಿ.

5. ಸಕ್ಕರೆ: ಹೃದಯಕ್ಕೆ ನಿಜವಾದ ಹೊರೆ ಇದು. ಎರಡು ಚಮಚದಂತೆ ನಾಲ್ಕು ಕಪ್ ಅಂದರೆ ಸುಮಾರು 40 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ ಅರ್ಧ ಚಮಚ ಇಳಿಸುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ.

ಹಾಗಾಗಿ ದುಬಾರಿ ಬ್ಯಾಗಿಗೆ ದುಡ್ಡು ಸುರಿಯಬೇಡಿ. ಒಳ್ಳೆಯ ಪುಡಿ, ಸ್ಟೀಲ್ ಲೋಟ, ಕಡಿಮೆ ಸಕ್ಕರೆ ಸಾಕು.

ಕೊನೆಯ ಮಾತು: ಎದೆ ಹಿಂಡಿದಂತಾಗಿ ಬೆವರು ಬಂದರೆ "ಗ್ಯಾಸ್ ಇರಬೇಕು, ಒಂದು ಶುಂಠಿ ಚಹಾ ಕುಡಿದು ನೋಡೋಣ" ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಊರಲ್ಲಿರುವ ಅಪ್ಪ ಅಮ್ಮನಿಗೂ ಇದನ್ನು ಕಳುಹಿಸಿ.